165ರ ಜಾಗಕ್ಕೆ 195 ಹಾಕಿಸಬಹುದೇ?

ಪ್ರಶ್ನೆ: ಸರ್, ನನ್ನದು 2019ರ ಸ್ವಿಫ್ಟ್ ವಿಎಕ್ಸ್‌ಐ, ಪೆಟ್ರೋಲ್. ಟೈರ್ ಸವೆದಿವೆ. ಕಂಪನಿಯಿಂದ ಬಂದ ಸೈಜು 165/80 ಆರ್14. ಆಗುಂಬೆ ಘಾಟಿ ಇಳಿದು ಉಡುಪಿ ಕಡೆಗೆ ಆಗಾಗ ಹೋಗಿಬರುತ್ತೇನೆ. ಮಳೆಗಾಲದಲ್ಲಿ ತಿರುವುಗಳಲ್ಲಿ ಕಾರಿಗೆ ಹಿಡಿತ ಸಾಲದು ಅನ್ನಿಸುತ್ತದೆ. ಟೈರ್ ಅಂಗಡಿಯವರು ‘ಇದೇ ರಿಮ್‌ಗೆ 185/70 ಹಾಕಿಸಿ’ ಅಂತಾರೆ. ನಮ್ಮ ಭಾವ ‘15 ಇಂಚಿನ ಅಲಾಯ್ ತಗೊಂಡು 195/65 ಹಾಕಿಸು, ಕಾರು ರಸ್ತೆಗೆ ಅಂಟಿಕೊಂಡು ಹೋಗುತ್ತೆ’ ಅಂತಾರೆ. ನನಗೆ ಈ ಅಂಕಿಗಳೇ ಅರ್ಥವಾಗಿಲ್ಲ. ಯಾರ ಮಾತು ಕೇಳಲಿ?
— ಓದುಗರು, ತೀರ್ಥಹಳ್ಳಿ

ಉತ್ತರ: ಮೊದಲು ಅಂಕಿಗಳನ್ನು ಬಿಡಿಸಿಕೊಳ್ಳೋಣ. ಅವು ತಿಳಿದರೆ ಯಾವ ಅಂಗಡಿಯಲ್ಲಾದರೂ ನೀವೇ ಲೆಕ್ಕ ಹಾಕಬಹುದು.

165 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 80 ಮಿಲಿಮೀಟರ್ ಅಲ್ಲ, ಶೇಕಡಾವಾರು. ರಿಮ್ಮಿನ ಅಂಚಿನಿಂದ ನೆಲದವರೆಗಿನ ರಬ್ಬರ್ ಗೋಡೆಯ ಎತ್ತರ, ಅಗಲದ ಶೇ 80ರಷ್ಟು ಎಂದರ್ಥ. ಅಂದರೆ 132 ಮಿ.ಮೀ. ‘ಆರ್’ ಎಂದರೆ ರೇಡಿಯಲ್ ಟೈರ್. ಅದಕ್ಕೂ ಅಳತೆಗೂ ಸಂಬಂಧವಿಲ್ಲ. 14 ರಿಮ್ಮಿನ ವ್ಯಾಸ, ಇಂಚಿನಲ್ಲಿ.

ಹಲವರು ಎಡವುವುದು ಆ ಶೇಕಡಾ ಅಂಕಿಯಲ್ಲಿ. ಅಗಲ ಹೆಚ್ಚಿಸಿ ಶೇಕಡಾವನ್ನು ಹಾಗೇ ಬಿಟ್ಟರೆ ಗೋಡೆಯೂ ಎತ್ತರವಾಗುತ್ತದೆ, ಚಕ್ರವೇ ದೊಡ್ಡದಾಗುತ್ತದೆ. ಆದ್ದರಿಂದ ಸೈಜು ಬದಲಿಸುವಾಗ ಮೊದಲು ನೋಡಬೇಕಾದದ್ದು ಅಗಲವನ್ನಲ್ಲ, ಚಕ್ರದ ಒಟ್ಟು ವ್ಯಾಸವನ್ನು. 14 ಇಂಚನ್ನು 25.4ರಿಂದ ಗುಣಿಸಿದರೆ 355.6 ಮಿ.ಮೀ. ಅದಕ್ಕೆ ಮೇಲಿನ ಮತ್ತು ಕೆಳಗಿನ ಗೋಡೆ, 132 ಮತ್ತು 132, ಕೂಡಿಸಿ. ನಿಮ್ಮ ಈಗಿನ ಚಕ್ರ 619.6 ಮಿ.ಮೀ.

ಅಂಗಡಿಯವರು ಹೇಳಿದ 185/70 ಆರ್14ರ ಲೆಕ್ಕ 614.6 ಬರುತ್ತದೆ. ವ್ಯತ್ಯಾಸ ಶೇ 1ಕ್ಕಿಂತ ಕಡಿಮೆ. ಹಾಗಾಗಿ ಅವರು ಕಣ್ಣು ಮುಚ್ಚಿ ಹೇಳಿದ್ದಲ್ಲ. ನಿಮ್ಮ ಭಾವನವರ 195/65 ಆರ್15 ಮಾತ್ರ 634.5, ಅಂದರೆ ಶೇ 2.4ರಷ್ಟು ದೊಡ್ಡದು. ಕಾರಿನ ಮಟ್ಟಿಗೆ ಇದು ಸಣ್ಣ ಸಂಗತಿಯಲ್ಲ. ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ತುಸು ಹೆಚ್ಚು ತೋರಿಸುವಂತೆ ಕಂಪನಿಯವರೇ ಹೊಂದಿಸಿರುತ್ತಾರೆ. ಚಕ್ರ ದೊಡ್ಡದಾದಷ್ಟೂ ಆ ರಕ್ಷಣೆ ಕರಗುತ್ತದೆ. ಕಿಲೋಮೀಟರ್ ಲೆಕ್ಕವೂ ಹಿಂದೆ ಬೀಳುತ್ತದೆ: ಮೀಟರ್ 40,000 ತೋರಿಸುವಾಗ ಹಳೆಯ ಲೆಕ್ಕಕ್ಕಿಂತ ಸುಮಾರು 960 ಕಿ.ಮೀ. ಹೆಚ್ಚು ಓಡಿರುತ್ತದೆ. ಗೇರ್ ಉದ್ದವಾದಂತಾಗಿ (ಎಂಜಿನ್ನಿನ ಒಂದು ಸುತ್ತಿಗೆ ಕಾರು ಹೆಚ್ಚು ದೂರ ಸಾಗಬೇಕಾಗಿ) ಘಾಟಿ ಹತ್ತುವಾಗ ಎಂಜಿನ್ ಇನ್ನಷ್ಟು ಹೆಣಗುತ್ತದೆ. ಅಗಲವೂ 30 ಮಿ.ಮೀ. ಹೆಚ್ಚಿದೆ. ಹೇರ್‌ಪಿನ್ ತಿರುವಿನಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ, ಐದು ಜನ ಕೂತು ಕಾರು ತಗ್ಗಿದಾಗ, ಟೈರ್ ಚಕ್ರದ ಗೂಡಿನ ಪ್ಲಾಸ್ಟಿಕ್ ಹೊದಿಕೆಯಾದ ಲೈನರ್‌ಗೆ ಉಜ್ಜುವ ಸಾಧ್ಯತೆ ಇದೆ. ಅಂಗಡಿ ಮುಂದೆ ನಿಲ್ಲಿಸಿದಾಗ ಅದು ಕಾಣುವುದಿಲ್ಲ.

ಈಗ ನಿಮ್ಮ ಅಸಲು ಚಿಂತೆಗೆ ಬರುತ್ತೇನೆ. ಅಗಲ ಟೈರ್ ಒಣ ರಸ್ತೆಯ ತಿರುವಿನಲ್ಲಿ ನಿಜಕ್ಕೂ ಉತ್ತಮ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ರಸ್ತೆಗೆ ತಾಗುವ ರಬ್ಬರಿನ ವಿಸ್ತೀರ್ಣವನ್ನು ಬಹುಪಾಲು ನಿರ್ಧರಿಸುವುದು ಕಾರಿನ ತೂಕ ಮತ್ತು ಒಳಗಿನ ಗಾಳಿ. ಟೈರ್ ಅಗಲವಾದರೆ ಆ ಜಾಗ ಹೆಚ್ಚಾಗಿ ಆಕಾರ ಬದಲಿಸುತ್ತದೆ: ಉದ್ದ ಕಡಿಮೆ, ಅಗಲ ಜಾಸ್ತಿ. ನೀರು ನಿಂತ ರಸ್ತೆಯಲ್ಲಿ ಇದೇ ತಿರುಗುಬಾಣ. ಕಿರಿದಾದ ಟೈರ್ ನೀರನ್ನು ಸೀಳಿಕೊಂಡು ಹೋಗುವಲ್ಲಿ ಅಗಲ ಟೈರ್ ಹೆಚ್ಚು ನೀರನ್ನು ಪಕ್ಕಕ್ಕೆ ತಳ್ಳಬೇಕು. ಟ್ರೆಡ್ (ರಸ್ತೆಗೆ ತಾಗುವ, ಗೀರುಗಳಿರುವ ರಬ್ಬರ್ ಪದರ) ಮತ್ತು ಗಾಳಿ ಒಂದೇ ಇದ್ದರೆ ಅಗಲದ ಟೈರೇ ಮೊದಲು ನೀರಿನ ಮೇಲೆ ತೇಲುತ್ತದೆ. ತೇಲಿದ ಆ ಕ್ಷಣ ಸ್ಟಿಯರಿಂಗೂ ಇಲ್ಲ, ಬ್ರೇಕೂ ಇಲ್ಲ. ಆಗುಂಬೆಯ ಮಳೆಯಲ್ಲಿ ಓಡಿಸುವ ನಿಮಗೆ ಇದನ್ನು ಒತ್ತಿ ಹೇಳಲೇಬೇಕು.

ನಿಮಗೆ ಹಿಡಿತ ಸಾಲದೆನ್ನಿಸುತ್ತಿರುವುದು 165ರ ದೋಷವಲ್ಲ, ಸವೆದ ಟ್ರೆಡ್ಡಿನ ದೋಷ ಎಂಬುದು ನನ್ನ ಅನಿಸಿಕೆ. ಟ್ರೆಡ್ಡಿನ ಗೀರುಗಳ ತಳದಲ್ಲಿ ಸಣ್ಣ ಉಬ್ಬುಗಳಿರುತ್ತವೆ. ರಬ್ಬರ್ ಅವುಗಳ ಮಟ್ಟಕ್ಕೆ ಬಂದರೆ ಉಳಿದಿರುವುದು 1.6 ಮಿ.ಮೀ. ಕಾನೂನಿನ ಕೊನೆಯ ಗೆರೆ ಅದು. ಮಲೆನಾಡಿನ ಮಳೆಗೆ ಅಲ್ಲಿಯವರೆಗೂ ಕಾಯಬೇಡಿ, 3 ಮಿ.ಮೀ.ಗೆ ಇಳಿದಾಗಲೇ ಬದಲಿಸಿ.

ಹಾಗಾದರೆ ಏನು ಹಾಕಿಸಬೇಕು? ನಿಮ್ಮದೇ ಸ್ವಿಫ್ಟಿನ ಝಡ್‌ಎಕ್ಸ್‌ಐ ಮಾದರಿಗೆ ಕಂಪನಿಯೇ 185/65 ಆರ್15 ಕೊಟ್ಟಿದೆ. ಲೆಕ್ಕ ಹಾಕಿ ನೋಡಿ, 621.5 ಮಿ.ಮೀ.; ನಿಮ್ಮ ಚಕ್ರಕ್ಕೂ ಅದಕ್ಕೂ ಎರಡು ಮಿಲಿಮೀಟರಿನ ಅಂತರ. ಅಗಲ ಬೇಕೇ ಬೇಕು, ರಿಮ್ಮಿಗೂ ಖರ್ಚು ಮಾಡುತ್ತೇನೆ ಅನ್ನುವುದಾದರೆ ಈ ಸೈಜಿಗೆ ಹೋಗಿ, ಅದೇ ಮಾದರಿಯ ಕಂಪನಿ ರಿಮ್ಮನ್ನೇ ಹುಡುಕಿ. ಹೊರಗಿನ ಅಲಾಯ್‌ಗೆ ಬೋಲ್ಟ್ ತೂತು ಹೊಂದಿದರೆ ಸಾಲದು. ಆಫ್‌ಸೆಟ್ (ರಿಮ್ ಒಳಕ್ಕೆ ಅಥವಾ ಹೊರಕ್ಕೆ ಎಷ್ಟು ಸರಿದು ಕೂರುತ್ತದೆ ಎಂಬ ಅಳತೆ) ತಪ್ಪಿದರೆ ಚಕ್ರ ಹೊರಗೆ ಚಾಚಿಕೊಂಡು ಬೇರಿಂಗ್ ಬೇಗ ಹೋಗುತ್ತದೆ.

ರಿಮ್ ಬದಲಿಸದೆ 185/70 ಹಾಕಿಸುವುದಾದರೆ ರಿಮ್ ಮೇಲೆ ಅಚ್ಚಾಗಿರುವ ಅಗಲ ನೋಡಿಕೊಳ್ಳಿ. ಈ ಸೈಜು 4.5ರಿಂದ 6 ಇಂಚು ಅಗಲದ ರಿಮ್ಮಿಗೆ ಹೊಂದುತ್ತದೆ. ಇಕ್ಕಟ್ಟಾದ ರಿಮ್ಮಿಗೆ ಅಗಲ ಟೈರ್ ತುರುಕಿದರೆ ಗೋಡೆ ಉಬ್ಬಿ, ತಿರುವಿನಲ್ಲಿ ಕಾರು ಓಲಾಡುತ್ತದೆ. ಸಿಗಬೇಕಾದ ಹಿಡಿತವೂ ಸಿಗುವುದಿಲ್ಲ.

ನನ್ನ ಸಲಹೆ ಕೇಳಿದರೆ, 165/80ರಲ್ಲೇ ಉಳಿದು ಆ ಹಣದಲ್ಲಿ ನಾಲ್ಕೂ ಒಳ್ಳೆಯ ಟೈರ್ ಹಾಕಿಸಿ, ಅಲೈನ್‌ಮೆಂಟ್ ಮತ್ತು ಬ್ಯಾಲೆನ್ಸಿಂಗ್ ಮಾಡಿಸಿ. ಒದ್ದೆ ರಸ್ತೆಯ ಹಿಡಿತಕ್ಕೆ ಅಗಲಕ್ಕಿಂತ ರಬ್ಬರಿನ ಗುಣ ಮತ್ತು ಟ್ರೆಡ್ಡಿನ ವಿನ್ಯಾಸವೇ ಮುಖ್ಯ. ಸ್ಟೆಪ್ನಿಯೂ ಹೊಂದುತ್ತದೆ, ಮೈಲೇಜೂ ಕೆಡುವುದಿಲ್ಲ. ತಯಾರಕರ ಮೂಲ ವಿವರಕ್ಕೆ ಹೊಂದದಂತೆ ವಾಹನ ಮಾರ್ಪಡಿಸಬಾರದು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. ಅಪಘಾತವಾದಾಗ ವಿಮೆಯವರೊಂದಿಗೆ ಆ ವಾದಕ್ಕೆ ಇಳಿಯುವ ಪರಿಸ್ಥಿತಿ ಯಾಕೆ ಬೇಕು?

ಗಾಳಿ ಮಾತ್ರ ಡ್ರೈವರ್ ಬಾಗಿಲ ಬಳಿಯ ಸ್ಟಿಕ್ಕರಿನಲ್ಲಿ ಇರುವಷ್ಟೇ ಹಾಕಿಸಿ. ಟೈರಿನ ಗೋಡೆ ಮೇಲೆ ಬರೆದಿರುವುದು ಗರಿಷ್ಠ ಮಿತಿ.

ಪ್ರಶ್ನೆ: ಸದ್ಯ ಎರಡು ಟೈರಿಗಷ್ಟೇ ಹಣವಿದೆ. ಹೊಸವನ್ನು ಮುಂದೆ ಹಾಕಿಸಲೋ, ಹಿಂದೆಯೋ? ಸೈಜಿನ ಕೊನೆಯಲ್ಲಿ ‘85ಟಿ’ ಅಂತ ಇದೆ, ಅದೇನು?
— ಓದುಗರು, ಹಾಸನ

ಉತ್ತರ: ಹಿಂದಕ್ಕೆ ಹಾಕಿಸಿ. ಎಂಜಿನ್ ಮುಂದಿನ ಚಕ್ರ ತಿರುಗಿಸುವ ಕಾರಾದರೂ ಅಷ್ಟೇ. ಮುಂದಿನ ಟೈರ್ ಜಾರಿದರೆ ಆಕ್ಸಿಲರೇಟರ್ ಬಿಟ್ಟು ಸಾವರಿಸಿಕೊಳ್ಳಬಹುದು. ಹಿಂದಿನದು ಜಾರಿದರೆ ಕಾರು ಗಿರ್ರನೆ ತಿರುಗುತ್ತದೆ, ಅದನ್ನು ಹಿಡಿಯುವುದು ನುರಿತವರಿಗೂ ಕಷ್ಟ. ಆದರೆ ಮುಂದೆ ಉಳಿಯುವ ಹಳೆಯವು ತೀರಾ ಸವೆದಿರಬಾರದು. ಒಂದೇ ಆಕ್ಸಲ್‌ನಲ್ಲಿ (ಮುಂದಿನ ಅಥವಾ ಹಿಂದಿನ ಜೋಡಿ ಚಕ್ರಗಳಲ್ಲಿ) ಬೇರೆ ಬೇರೆ ಸೈಜೂ ಬೇಡ.

85 ಎಂಬುದು ಒಂದು ಟೈರ್ ಹೊರಬಲ್ಲ ಭಾರದ ಸಂಕೇತ; ಅದರರ್ಥ 515 ಕೆ.ಜಿ. ‘ಟಿ’ ಎಂದರೆ ಗಂಟೆಗೆ 190 ಕಿ.ಮೀ. ವೇಗದ ಮಿತಿ. ಹೊಸದರಲ್ಲಿ ಇವೆರಡೂ ಹಳೆಯದಕ್ಕಿಂತ ಕಡಿಮೆ ಇರಬಾರದು. ಬಿಲ್ ಮಾಡಿಸುವ ಮೊದಲು ಗೋಡೆ ಮೇಲಿನ ನಾಲ್ಕು ಅಂಕಿಯ ತಯಾರಿಕಾ ಸಂಖ್ಯೆಯನ್ನೂ ಹುಡುಕಿ: 2324 ಎಂದಿದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ವರ್ಷಗಟ್ಟಲೆ ಗೋದಾಮಿನಲ್ಲಿ ಬಿದ್ದಿದ್ದ ಟೈರನ್ನು ಹೊಸದರ ಬೆಲೆಗೆ ತೆಗೆದುಕೊಳ್ಳಬೇಡಿ.