ಕ್ರೂಸ್ ಕ್ಯಾಬಿನ್‌ಗೆ ನೇತುಹಾಕುವ ಪಾಕೆಟ್ ಆರ್ಗನೈಸರ್ ಒಯ್ಯಬೇಕಾ?

ನಿಮ್ಮ ಪ್ರಶ್ನೆ ಇಷ್ಟು: ಮೇ ಕೊನೆಗೆ ಸಿಯಾಟಲ್‌ನಿಂದ ಏಳು ರಾತ್ರಿಯ ಅಲಾಸ್ಕಾ ಕ್ರೂಸ್. ನೀವಿಬ್ಬರು, ಜೊತೆಗೆ ಊರಿಂದ ಬರುವ ಅತ್ತೆ-ಮಾವ. ನಾಲ್ಕೂ ಜನಕ್ಕೆ ಕಿಟಕಿ ಇಲ್ಲದ ಒಂದೇ ಕ್ಯಾಬಿನ್. ಬಾಗಿಲಿಗೆ ನೇತುಹಾಕುವ, ಚಪ್ಪಲಿ ಇಡುವ ಪಾಕೆಟ್ ಆರ್ಗನೈಸರ್ ಒಯ್ದರೆ ಜಾಗ ಉಳಿಯುತ್ತದಾ, ಇಲ್ಲಾ ಸುಮ್ನೆ ಇನ್ನೊಂದು ಸಾಮಾನು ಹೊತ್ತ ಹಾಗಾ?

ಒಯ್ಯಿರಿ. ಆದರೆ ಜಾಗ ಉಳಿಯುತ್ತದೆ ಅಂತ ಒಯ್ಯಬೇಡಿ.

ಒಳಗಿನ ಕ್ಯಾಬಿನ್ ಸಾಮಾನ್ಯವಾಗಿ 150ರಿಂದ 180 ಚದರ ಅಡಿ ಇರುತ್ತದೆ. ಬಾತ್‌ರೂಮೂ ಅದರಲ್ಲೇ ಸೇರಿತು. ನೋಡಿದ ತಕ್ಷಣ ಎದೆ ಧಸಕ್ ಅನ್ನುತ್ತದೆ, ನಿಜ. ಆದರೆ ದೊಡ್ಡ ಸಾಮಾನಿಗೆ ಅಲ್ಲಿ ತೊಂದರೆ ಇಲ್ಲ. ಮಂಚ ಎತ್ತರ ಇರುತ್ತದೆ, ಖಾಲಿ ಸೂಟ್‌ಕೇಸ್‌ಗಳು ಅದರ ಕೆಳಗೆ ಹೋಗುತ್ತವೆ. ಬಟ್ಟೆಗೆ ಬೀರು ಇದೆ, ಡ್ರಾಯರ್ ಇದೆ. ಗೋಳು ಇರುವುದು ಸಣ್ಣ ಸಾಮಾನಿನದು. ನಾಲ್ಕು ಕನ್ನಡಕ, ನಾಲ್ಕು ಫೋನು, ಚಾರ್ಜರ್, ಬಿಪಿ ಮಾತ್ರೆ, ವಾಂತಿ ಮಾತ್ರೆ, ಅಮೃತಾಂಜನ, ಬಾಚಣಿಗೆ, ಹೇರ್‌ಪಿನ್ನು, ಕೈಗವಸು, ಉಣ್ಣೆ ಟೋಪಿ. ಇವಿಷ್ಟಕ್ಕೂ ಸೇರಿ ಒಂದು ಪುಟ್ಟ ಮೇಜು. ಎರಡನೇ ದಿನದ ಹೊತ್ತಿಗೆ ಆ ಮೇಜು ಸಂತೆ ಮುಗಿದ ಬಯಲಿನ ಹಾಗೆ ಆಗಿರುತ್ತದೆ.

ಅದರ ಮೇಲೆ ಕತ್ತಲೆ. ಕಿಟಕಿ ಇಲ್ಲದ ಕ್ಯಾಬಿನ್‌ನಲ್ಲಿ ದೀಪ ಆರಿಸಿದರೆ ಕಣ್ಣು ಮುಚ್ಚಿದ್ದೇವೋ ತೆರೆದಿದ್ದೇವೋ ಗೊತ್ತಾಗುವುದಿಲ್ಲ. ರಾತ್ರಿ ಮೂರು ಗಂಟೆಗೆ ಒಬ್ಬರಿಗೆ ಮಾತ್ರೆ ಬೇಕು ಅಂದರೆ ದೀಪ ಹಾಕಬೇಕು, ನಾಲ್ಕೂ ಜನ ಏಳಬೇಕು.

ನಮ್ಮಜ್ಜಿಯ ಹತ್ತಿರ ಒಂದು ಎಲೆಅಡಿಕೆ ಸಂಚಿ ಇತ್ತು. ಬಟ್ಟೆಯದು, ಮೂರು-ನಾಲ್ಕು ಪದರದ್ದು. ಎಲೆ ಒಂದರಲ್ಲಿ, ಅಡಿಕೆ ಒಂದರಲ್ಲಿ, ಹೊಗೆಸೊಪ್ಪು ಇನ್ನೊಂದರಲ್ಲಿ, ಸುಣ್ಣದ ಡಬ್ಬಿ ನಡುವೆ. ಕರೆಂಟು ಹೋದರೂ ಮಾತು ನಿಲ್ಲಿಸದೆ, ಕೆಳಗೆ ನೋಡದೆ, ಕೈ ಹಾಕಿ ಬೇಕಾದ್ದು ತೆಗೆಯುತ್ತಿದ್ದಳು. ಕ್ಯಾಬಿನ್‌ನಲ್ಲಿ ನಿಮಗೆ ಬೇಕಾಗಿರುವುದು ಅಂಥ ಸಂಚಿ. ನಮ್ಮನೆಯಲ್ಲಿ ಈಗ ಈ ಆರ್ಗನೈಸರ್‌ಗೆ ಸಂಚಿ ಅಂತಲೇ ಹೆಸರು.

ನಾನು ಇದನ್ನು ಎರಡು ಸಲ ಒಯ್ದಿದ್ದೇನೆ. ಮೊದಲ ಸಲ ಕೆರಿಬಿಯನ್ ಕಡೆ ಹೋದಾಗ, ಪೂರ್ತಿ ತಪ್ಪಾಗಿ.

ಆಗ ಅಂಗಡಿಯಿಂದ ತಂದ ಹಾಗೇ, ಜೊತೆಗೆ ಕೊಟ್ಟಿದ್ದ ತಗಡಿನ ಕೊಕ್ಕೆಗಳಿಂದ ಬಾತ್‌ರೂಮ್ ಬಾಗಿಲ ಮೇಲೆ ಸಿಕ್ಕಿಸಿದೆ. ಹಡಗು ಹೊರಟಿತು. ರಾತ್ರಿ ಸ್ವಲ್ಪ ಅಲುಗಾಟ ಶುರುವಾದದ್ದೇ ತಡ, ಬಾಗಿಲು ಟಕ್, ಟಕ್, ಟಕ್. ಮನೆಯವರು ಎದ್ದು ಕೊಕ್ಕೆಯ ಸಂದಿಗೆ ಕಾಲುಚೀಲ ತುರುಕಿದರು. ಸದ್ದು ಕಡಿಮೆಯಾಯಿತು, ಬಾಗಿಲು ಮುಚ್ಚದಾಯಿತು. ಮಾರನೇ ದಿನ ತಿಂಡಿ ತಿಂದು ಬರುವಷ್ಟರಲ್ಲಿ ಆರ್ಗನೈಸರ್ ಅಂದವಾಗಿ ಸುತ್ತಿ ಮಂಚದ ಮೇಲಿತ್ತು. ಪಕ್ಕದಲ್ಲಿ ಒಂದು ಚೀಟಿ: ದಯವಿಟ್ಟು ಬಾಗಿಲುಗಳಿಗೆ ಏನನ್ನೂ ಸಿಕ್ಕಿಸಬೇಡಿ, ಬಣ್ಣ ಕೀಳುತ್ತದೆ. ನಾಚಿಕೆಯಾಯಿತು. ಬಾಗಿಲ ನೆತ್ತಿಯಲ್ಲಿ ಆಗಲೇ ಎರಡು ಗೀರು ಬಿದ್ದಿದ್ದವು.

ಇನ್ನು ಕ್ಯಾಬಿನ್ನಿನ ಮುಖ್ಯ ಬಾಗಿಲಿಗಂತೂ ಕೈ ಹಚ್ಚಲೇಬೇಡಿ. ಅದು ಬೆಂಕಿ ತಡೆಯುವ ಬಾಗಿಲು. ತಾನಾಗಿಯೇ ಬಂದು ಸರಿಯಾಗಿ ಕೂರಬೇಕು. ತೆಳ್ಳಗಿನ ತಗಡು ನಡುವೆ ಸಿಕ್ಕಿದರೂ ಅದು ಪೂರ್ತಿ ಮುಚ್ಚದೆ ಹೋಗಬಹುದು. ಹಡಗಿನಲ್ಲಿ ಬೆಂಕಿಗೆ ಹೆದರುವಷ್ಟು ನೀರಿಗೂ ಹೆದರುವುದಿಲ್ಲ. ಇಸ್ತ್ರಿಪೆಟ್ಟಿಗೆ, ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಷನ್ ಬೋರ್ಡ್ ಇವನ್ನೆಲ್ಲ ಹತ್ತುವಾಗಲೇ ಕಸಿದಿಟ್ಟುಕೊಳ್ಳುವುದೂ ಅದಕ್ಕೇ.

ಹಾಗಾದರೆ ಎಲ್ಲಿ ತೂಗುಹಾಕುವುದು? ಗೋಡೆಗೆ. ಕ್ರೂಸ್ ಹಡಗಿನ ಕ್ಯಾಬಿನ್ ಗೋಡೆಗಳು ಹೆಚ್ಚಾಗಿ ಉಕ್ಕಿನ ತಗಡಿನವು, ಮೇಲೆ ತೆಳುವಾದ ಹೊದಿಕೆ ಇರುತ್ತದೆ ಅಷ್ಟೆ. ಮ್ಯಾಗ್ನೆಟ್ ಕಚ್ಚಿಕೊಳ್ಳುತ್ತದೆ. ಮ್ಯಾಗ್ನೆಟ್ ಇರುವ ಕೊಕ್ಕೆಗಳನ್ನು ತೆಗೆದುಕೊಳ್ಳಿ. ಎಲ್ಲ ಹಡಗಿನವರೂ ಇದನ್ನೂ ಒಪ್ಪುತ್ತಾರೆ ಅಂತಲ್ಲ. ಟಿಕೆಟ್ ಕೊಟ್ಟವರ ನಿಷೇಧದ ಪಟ್ಟಿಯನ್ನು ಹೊರಡುವ ವಾರ ಇನ್ನೊಮ್ಮೆ ನೋಡಿ, ಅದು ಬದಲಾಗುತ್ತಿರುತ್ತದೆ.

ಮ್ಯಾಗ್ನೆಟ್ ವಿಷಯದಲ್ಲಿ ಎಲ್ಲರೂ ಏಮಾರುವ ಜಾಗ ಒಂದಿದೆ. ಪೊಟ್ಟಣದ ಮೇಲೆ 25 ಪೌಂಡ್ ಅಂತ ಬರೆದಿರುತ್ತದೆ. ಅದು ನೇರವಾಗಿ ಎಳೆದು ಕೀಳಲು ಬೇಕಾದ ಬಲ. ಗೋಡೆಗೆ ಅಂಟಿಸಿ ತೂಗುಹಾಕಿದಾಗ ಭಾರ ಕೆಳಕ್ಕೆ ಜಗ್ಗುತ್ತದೆ, ಮ್ಯಾಗ್ನೆಟ್ ಕಿತ್ತು ಬರುವುದಿಲ್ಲ, ಜಾರುತ್ತದೆ. ಅಲ್ಲಿ ಹಿಡಿದಿಡುವುದು ಬರೀ ಘರ್ಷಣೆ. ಗೋಡೆಯ ಹೊದಿಕೆ ನುಣುಪಾಗಿದ್ದರೆ ಇನ್ನೂ ಕಷ್ಟ. ಹಾಗಾಗಿ 25 ಅಂದರೆ ಗೋಡೆಯ ಮೇಲೆ ಐದಾರು ಅಂತ ಇಟ್ಟುಕೊಳ್ಳಿ. ನಾನು ಎರಡೇ ಕೊಕ್ಕೆ ಹಾಕಿ, ಜೇಬುಗಳಿಗೆ ಶಾಂಪೂ, ಲೋಷನ್ ಬಾಟಲಿ ಎಲ್ಲ ತುಂಬಿದ್ದೆ. ಸಂಜೆಯಿಂದ ಬೆಳಗಿನವರೆಗೆ ಅದು ಒಂದು ಗೇಣು ಕೆಳಗಿಳಿದಿತ್ತು. ಆಮೇಲೆ ನಾಲ್ಕು ಕೊಕ್ಕೆ ಹಾಕಿ, ಬಾಟಲಿಗಳನ್ನು ಬಾತ್‌ರೂಮಿಗೆ ಕಳಿಸಿದೆ. ಕೆಳಗೆ ರಬ್ಬರ್ ಹೊದಿಕೆ ಇರುವ ಮ್ಯಾಗ್ನೆಟ್ ಸಿಕ್ಕರೆ ಅದನ್ನೇ ಕೊಳ್ಳಿ, ಜಾರುವುದು ಕಡಿಮೆ.

ಸೀಲಿಂಗೂ ಎಷ್ಟೋ ಹಡಗುಗಳಲ್ಲಿ ತಗಡಿನದೇ. ಅಲ್ಲಿ ಕೊಕ್ಕೆ ನೇರ ಕೆಳಕ್ಕೆ ಎಳೆಯುವುದರಿಂದ ಬರೆದಿರುವ ಬಲಕ್ಕೆ ಹತ್ತಿರ ಹತ್ತಿರ ಸಿಗುತ್ತದೆ. ಭಾರದ ಒದ್ದೆ ಜಾಕೆಟ್ ಇದ್ದರೆ ಅಲ್ಲಿಗೆ ತೂಗುಹಾಕಿ. ಮೇಲೆ ಸಣ್ಣ ಲೋಹದ ಮೂತಿಯ ಹಾಗೆ ಕಾಣುವುದು ಬೆಂಕಿ ಆರಿಸುವ ಸ್ಪ್ರಿಂಕ್ಲರ್. ಕೊಕ್ಕೆ ಇದ್ದ ಹಾಗೇ ಇದೆ ಅಂತ ಅದಕ್ಕೆ ಮಾತ್ರ ಏನನ್ನೂ ಸಿಕ್ಕಿಸಬೇಡಿ. ಒಡೆದರೆ ಕ್ಯಾಬಿನ್ ಪೂರ್ತಿ ನೀರು.

ಇಬ್ಬರು ಹಿರಿಯರು ಬರುತ್ತಿದ್ದಾರೆ ಅಂದಿರಿ. ಅವರಲ್ಲಿ ಯಾರಿಗಾದರೂ ಪೇಸ್‌ಮೇಕರ್ ಇದ್ದರೆ ಈ ಮ್ಯಾಗ್ನೆಟ್‌ಗಳು ಅವರ ಎದೆಯಿಂದ ಕನಿಷ್ಠ ಅರ್ಧ ಅಡಿ ದೂರ ಇರಬೇಕು. ಅವರ ತಲೆದಿಂಬಿನ ಪಕ್ಕದ ಗೋಡೆ ಬೇಡ, ಅವರ ಕೈಗೆ ಕೊಕ್ಕೆ ಅಂಟಿಸಲೂ ಕೊಡಬೇಡಿ. ಕ್ಯಾಬಿನ್ ಕಾರ್ಡನ್ನೂ ಮ್ಯಾಗ್ನೆಟ್ ಹತ್ತಿರದ ಜೇಬಿನಲ್ಲಿ ಇಡಬೇಡಿ. ಹಿಂದೆ ಕಪ್ಪು ಪಟ್ಟಿ ಇರುವ ಕಾರ್ಡ್ ಆದರೆ ಅಳಿಸಿಹೋಗಿ ಬಾಗಿಲು ತೆಗೆಯದೆ ಇರಬಹುದು.

ಈಗ ಸಂಚಿಯ ವಿಷಯ. ಮಾಮೂಲಿಯಾಗಿ ಸಿಗುವುದು 24 ಜೇಬಿನದು. ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ಆರು. ಒಟ್ಟು ಐದು ಅಡಿ ಚಿಲ್ಲರೆ ಉದ್ದ. ಕ್ಯಾಬಿನ್‌ನಲ್ಲಿ ಅಷ್ಟು ಉದ್ದಕ್ಕೆ ಖಾಲಿ ಗೋಡೆ ಸಿಗುವುದು ಕಷ್ಟ. ಕನ್ನಡಿ ಇರುತ್ತದೆ, ಚಿತ್ರ ಇರುತ್ತದೆ, ಸ್ವಿಚ್ಚು ಇರುತ್ತದೆ. ಅಲಾಸ್ಕಾಕ್ಕೆ ಹೊರಡುವ ಮುಂಚೆ ಹಾಸನದಿಂದ ಬಂದಿದ್ದ ಅಮ್ಮ ಅದನ್ನು ನೋಡಿ, "ಇಷ್ಟುದ್ದ ಯಾಕೇ? ಕತ್ತರಿಸು" ಅಂದಳು. ನಡುವೆ ಕತ್ತರಿಸಿದೆವು. ಹನ್ನೆರಡು, ಹನ್ನೆರಡು. ಕತ್ತರಿಸಿದ ಅಂಚು ಮಡಿಸಿ ಹೊಲಿದು, ಕೊಕ್ಕೆಗೆ ಸಿಕ್ಕಿಸಲು ಹಳೇ ಲಂಗದ ಲಾಡಿಯಿಂದ ನಾಲ್ಕು ಕುಣಿಕೆ ಅವಳೇ ಹಾಕಿದಳು. ಅಂಗಡಿಯವರ ಕೊಕ್ಕೆಗಿಂತ ಅವೇ ಗಟ್ಟಿ. ಆಮೇಲೆ ಕೈಯಲ್ಲಿ ಹಿಡಿದು ನೋಡಿ, "ಅಜ್ಜಿಯ ಸಂಚೀನ ಗೋಡೆಗೆ ಹೊಡೆದಂಗಿದೆ ಕಣೇ" ಅಂದಳು. ಹೆಸರು ಬಂದದ್ದು ಅಲ್ಲಿಂದ.

ಒಂದು ತುಂಡು ಕ್ಯಾಬಿನ್ ಬಾಗಿಲು ದಾಟಿದ ತಕ್ಷಣ ಸಿಗುವ ಓಣಿಯ ಗೋಡೆಗೆ. ಹೊರಗೆ ಹೋಗುವಾಗ ಬೇಕಾದ್ದೆಲ್ಲ ಅಲ್ಲಿ: ಟೋಪಿ, ಕೈಗವಸು, ಸನ್‌ಸ್ಕ್ರೀನ್, ಟಿಶ್ಯೂ. ಓಣಿ ಕಿರಿದು, ಜೇಬು ಉಬ್ಬಿದರೆ ಭುಜಕ್ಕೆ ತಾಗುತ್ತದೆ. ದಪ್ಪ ಸಾಮಾನು ಅಲ್ಲಿ ಬೇಡ. ಇನ್ನೊಂದು ತುಂಡು ಮಂಚದ ಹತ್ತಿರ, ಮಲಗಿದಲ್ಲಿಂದ ಕೈಗೆ ಸಿಗುವ ಹಾಗೆ. ಅಡ್ಡಕ್ಕೆ ನಾಲ್ಕು ಜೇಬು, ನಾವು ನಾಲ್ಕು ಜನ. ಒಬ್ಬೊಬ್ಬರಿಗೆ ಒಂದೊಂದು ಸಾಲು ಮೇಲಿಂದ ಕೆಳಕ್ಕೆ. ಮೇಲಿನ ಜೇಬು ಕನ್ನಡಕಕ್ಕೆ, ನಡುವಿನದು ಮಾತ್ರೆಗೆ, ಕೆಳಗಿನದು ಚಾರ್ಜರ್ ಮತ್ತು ಚಿಲ್ಲರೆಗೆ. ಭಾರದ್ದು ಕೆಳಗಿದ್ದರೆ ಹಡಗು ತೂಗಿದಾಗ ಅದು ಅಷ್ಟಾಗಿ ಬೀಸಾಡುವುದಿಲ್ಲ. ಮೊದಲ ದಿನವೇ ನಾಲ್ಕೂ ಜನ ಕೂತು ಯಾರದು ಯಾವ ಸಾಲು ಅಂತ ಗೊತ್ತುಮಾಡಿಕೊಂಡೆವು. ಆಮೇಲೆ ಬದಲಾಯಿಸಲು ಯಾರಿಗೂ ಬಿಡಲಿಲ್ಲ. ನನ್ನ ಒಂಬತ್ತು ವರ್ಷದ ಮಗ ಎರಡು ಸಲ ಬದಲಾಯಿಸಲು ನೋಡಿದ, ಅಮ್ಮ ಗದರಿದಳು. ಮೂರನೇ ರಾತ್ರಿ ಅಮ್ಮ ಎದ್ದು, ದೀಪ ಹಾಕದೆ, ತಡವರಿಸದೆ ಮಾತ್ರೆ ತೆಗೆದುಕೊಂಡು ನುಂಗಿ ಮಲಗಿದ್ದು ನಮಗೆ ಗೊತ್ತಾದದ್ದು ಬೆಳಗ್ಗೆ ಅವಳೇ ಹೇಳಿದಾಗ.

ಸೀಲಿಂಗ್‌ನಿಂದ ಇಳಿಸುವ ಮೇಲಿನ ಮಂಚ ಹೇಗೂ ನಿಮ್ಮಿಬ್ಬರಲ್ಲಿ ಒಬ್ಬರ ಪಾಲಿಗೆ ಬರುತ್ತದೆ. ಅಲ್ಲಿ ಮಲಗುವವರಿಗೆ ಈ ಜೇಬು ಕೈಗೆ ಸಿಗುವುದಿಲ್ಲ. ಮಂಚದ ಕಂಬಿಗೆ ಒಂದು ಸಣ್ಣ ಬಟ್ಟೆ ಚೀಲ ಕಟ್ಟಿಕೊಂಡರೆ ಸಾಕು. ಮಗನಿಗೆ ಹಾಗೇ ಮಾಡಿದ್ದೆವು.

ಪ್ಲಾಸ್ಟಿಕ್ಕಾ, ಬಲೆಯದಾ ಅಂತಲೂ ಕೇಳಿದ್ದೀರಿ. ಪಾರದರ್ಶಕ ಪ್ಲಾಸ್ಟಿಕ್‌ನಲ್ಲಿ ಒಳಗಿರುವುದು ಕಾಣುತ್ತದೆ, ಅದಕ್ಕೇ ಎಲ್ಲರೂ ಅದನ್ನೇ ಹೊಗಳುತ್ತಾರೆ. ಕೆರಿಬಿಯನ್‌ಗೆ ಸರಿ. ಅಲಾಸ್ಕಾಕ್ಕೆ ನಾನು ಬಲೆಯದನ್ನೇ ಹೇಳುತ್ತೇನೆ. ನಿಮ್ಮ ಹಡಗು ಕೆಚಿಕನ್‌ನಲ್ಲಿ ನಿಲ್ಲುತ್ತದೆ ಅಂದಿರಿ. ಅದು ಅಲಾಸ್ಕಾದ ಆಗುಂಬೆ. ವರ್ಷಕ್ಕೆ 3.5 ಮೀಟರ್‌ಗೂ ಜಾಸ್ತಿ ಮಳೆ. ನೆನೆದ ಕೈಗವಸು, ಟೋಪಿ ಪ್ಲಾಸ್ಟಿಕ್ ಜೇಬಿಗೆ ಹೋದರೆ ಜೂನೋ ತಲುಪುವಷ್ಟರಲ್ಲಿ ನಾತ. ಬಲೆಯಲ್ಲಿ ಗಾಳಿ ಆಡುತ್ತದೆ, ಬೆಳಗ್ಗೆಗೆ ಒಣಗಿರುತ್ತದೆ. ಕತ್ತಲಲ್ಲಿ ಕೈಗೆ ಸಿಗಬೇಕು ಅನ್ನುವುದೇ ಲೆಕ್ಕವಾದರೆ ಕಾಣುವುದು ಕಾಣದ್ದು ಅಷ್ಟು ದೊಡ್ಡ ವಿಷಯವೂ ಅಲ್ಲ.

ಬೀರುವಿನ ಕಂಬಿಗೆ ಹಾಕುವ, ಐದಾರು ಅಂತಸ್ತಿನ ಬಟ್ಟೆ ಕಪಾಟು ಸಿಗುತ್ತದಲ್ಲ, ಅದನ್ನು ಈ ಪ್ರವಾಸಕ್ಕೆ ಒಯ್ಯಬೇಡಿ. ಅಲಾಸ್ಕಾಕ್ಕೆ ನಾಲ್ಕು ದಪ್ಪ ಜಾಕೆಟ್ ಇರುತ್ತವೆ, ಕಂಬಿ ಅವಕ್ಕೇ ಸಾಲುವುದಿಲ್ಲ. ಬಾತ್‌ರೂಮಿಗೆ ಕೊಕ್ಕೆಯಿರುವ ಟಾಯ್ಲೆಟ್ ಚೀಲ ಒಂದೋ ಎರಡೋ ಇರಲಿ, ಅದು ಒಳ್ಳೆಯದು. ಮಾತ್ರೆ ಮಾತ್ರ ಬಾತ್‌ರೂಮ್ ಒಳಗೆ ಬೇಡ, ಆ ಪುಟ್ಟ ಕೋಣೆ ಸ್ನಾನವಾದ ಮೇಲೆ ಇಡ್ಲಿ ಪಾತ್ರೆಯ ಹಾಗಿರುತ್ತದೆ. ಪವರ್‌ಬ್ಯಾಂಕ್, ಫೋನು ಜೇಬಿನೊಳಗೆ ತುರುಕಿ ಚಾರ್ಜ್‌ಗೆ ಹಾಕಬೇಡಿ, ಬಿಸಿಯಾಗುತ್ತವೆ.

ಪಾಸ್‌ಪೋರ್ಟ್ ಜೇಬಿನಲ್ಲಲ್ಲ, ಕ್ಯಾಬಿನ್‌ನಲ್ಲಿರುವ ಲಾಕರ್‌ನಲ್ಲಿ. ಹೆಸರು ಬಂತು ಅಂತ ನೀವು ಕೇಳದ ಒಂದು ಮಾತು: ನಿಮ್ಮ ಅತ್ತೆ-ಮಾವ ಭಾರತದ ಪಾಸ್‌ಪೋರ್ಟ್‌ನಲ್ಲಿ ಬರುತ್ತಿದ್ದರೆ ಅಮೆರಿಕದ ವೀಸಾ ಒಂದೇ ಸಾಲದು, ಕೆನಡಾ ವೀಸಾವೂ ಬೇಕು. ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಮರಳುವ ಈ ಹಡಗುಗಳು ಕೆನಡಾದ ವಿಕ್ಟೋರಿಯಾದಂಥ ಊರಲ್ಲಿ ನಿಂತೇ ಬರುತ್ತವೆ. ಬೇರೆ ದೇಶದ ಬಾವುಟದ ಹಡಗು ಅಮೆರಿಕದ ಬಂದರುಗಳನ್ನಷ್ಟೇ ಸುತ್ತಿ ಬರುವಂತಿಲ್ಲ ಅನ್ನುವ 1886ರ ಕಾನೂನು ಇನ್ನೂ ನಡೆಯುತ್ತಿದೆ. ಅಲ್ಲಿ ನಿಲ್ಲುವುದು ಸಂಜೆ ನಾಲ್ಕೈದು ಗಂಟೆ ಮಾತ್ರ, ನಾವು ಹಡಗಿನಿಂದ ಇಳಿಯುವುದೇ ಇಲ್ಲ ಅಂದರೂ ವೀಸಾ ಕೇಳುತ್ತಾರೆ. ಆರ್ಗನೈಸರ್ ಕೊಳ್ಳುವ ಮುಂಚೆ ಇದನ್ನು ನೋಡಿಕೊಳ್ಳಿ.

ಸಂಚಿಯನ್ನು ದೊಡ್ಡ ಸೂಟ್‌ಕೇಸಿಗೆ ಹಾಕಬೇಡಿ. ಹತ್ತುವಾಗ ಕೊಟ್ಟ ಸೂಟ್‌ಕೇಸ್ ಕ್ಯಾಬಿನ್ ಬಾಗಿಲಿಗೆ ಬರುವುದು ಕೆಲವು ಸಲ ರಾತ್ರಿ ಊಟದ ಹೊತ್ತಿಗೆ. ಅಷ್ಟರಲ್ಲಿ ಮೇಜು ತುಂಬಿ ಹೋಗಿರುತ್ತದೆ. ಕೈಚೀಲದಲ್ಲೇ ಇರಲಿ, ಮಾತ್ರೆಗಳ ಜೊತೆ. ಮೊದಲು ಸಂಚಿ ತೂಗುಹಾಕಿ, ಆಮೇಲೆ ಊಟಕ್ಕೆ ಹೋಗಿ. ಕ್ಯಾಬಿನ್ ನೋಡಿಕೊಳ್ಳುವವರು ಬಂದಾಗ ತೋರಿಸಿ, ಇಲ್ಲಿ ಇರಬಹುದಾ ಅಂತ ಒಂದು ಮಾತು ಕೇಳಿ. ಮೊದಲ ಸಲ ನಾನು ಕೇಳಿದ್ದರೆ ಆ ಚೀಟಿ ಬರುತ್ತಿರಲಿಲ್ಲ.

ಇಳಿಯುವ ಹಿಂದಿನ ರಾತ್ರಿ ಸೂಟ್‌ಕೇಸ್‌ಗಳನ್ನು ಹೊರಗಿನ ಓಣಿಯಲ್ಲಿ ಇಡಬೇಕಾಗುತ್ತದೆ. ಆಗ ಸಂಚಿಯನ್ನು ಖಾಲಿ ಮಾಡಲು ಹೋಗಬೇಡಿ. ಬೆಳಗ್ಗೆವರೆಗೂ ಅದು ಬೇಕು. ಬೆಳಗ್ಗೆ ಸಾಮಾನು ಇದ್ದ ಹಾಗೇ ಚಾಪೆ ಸುತ್ತಿದಂತೆ ಸುತ್ತಿ ಕೈಚೀಲಕ್ಕೆ ಹಾಕಿ. ಕೊಕ್ಕೆ ಎಣಿಸಿಕೊಳ್ಳಿ. ಬಿಳಿ ಗೋಡೆಯ ಮೇಲೆ ಬಿಳಿ ಕೊಕ್ಕೆ ಕಾಣುವುದೇ ಇಲ್ಲ. ನಾವು ಹತ್ತು ಒಯ್ದಿದ್ದೆವು, ಮನೆಗೆ ಬಂದು ಎಣಿಸಿದರೆ ಎಂಟು. ಇನ್ನೆರಡು ಈಗಲೂ ವಾರಕ್ಕೊಮ್ಮೆ ಅಲಾಸ್ಕಾಕ್ಕೆ ಹೋಗಿ ಬರುತ್ತಿರಬೇಕು.