ಗಿಟಾರ್ ಬಿಟ್ಟು ಬೇಸ್ ಹಿಡಿ ಅಂತಿದ್ದಾರೆ, ಒಪ್ಪಿಕೊಳ್ಳಲಾ?

ಬ್ಯಾಂಡಿನಲ್ಲಿ ಗಿಟಾರಿನವರು ಇಬ್ಬರು, ಬೇಸ್ (ತಗ್ಗು ದನಿಯ, ದಪ್ಪ ತಂತಿಗಳ ಗಿಟಾರ್) ನುಡಿಸೋಕೆ ಯಾರೂ ಇಲ್ಲ, ನನ್ನನ್ನು ಆ ಕಡೆ ತಳ್ಳುತ್ತಿದ್ದಾರೆ, ಇದು ಹಿಂಬಡ್ತಿ ಅಲ್ವಾ, ಒಪ್ಪಿದರೆ ಯಾರನ್ನು ಕೇಳಿ ಕಲಿಯಲಿ ಅಂತ ಬಾಗಲಕೋಟೆಯಿಂದ ಕೇಳಿದ್ದೀರಿ.

ನನ್ನನ್ನೂ ಹೀಗೇ ತಳ್ಳಿದ್ದರು. ಬೆಳಗಾವಿಯ ಟಿಳಕವಾಡಿಯಲ್ಲಿ ಒಂದು ಮಾಳಿಗೆ ರೂಮು, ಅಲ್ಲೇ ನಮ್ಮ ಪ್ರಾಕ್ಟೀಸು. ಚೆನ್ನಾಗಿ ನುಡಿಸುವವನು ಗಿಟಾರ್ ಇಟ್ಟುಕೊಂಡ, ನನಗೆ ಬೇಸ್ ಬಂತು. ಮುಖ ಊದಿಸಿಕೊಂಡೇ ತಗೊಂಡೆ. ಆಗ ಸಮಾಧಾನಕ್ಕೆ ಸಿಕ್ಕವನು ಇಂಗ್ಲೆಂಡಿನ ರಾಕ್ ಬ್ಯಾಂಡ್ ಮೋಟಾರ್‌ಹೆಡ್‌ನ ಲೆಮ್ಮಿ. ಅವನೂ ಮೊದಲು ಗಿಟಾರಿಸ್ಟ್. 1971ರಲ್ಲಿ ಹಾಕ್‌ವಿಂಡ್ ಅನ್ನೋ ಬ್ಯಾಂಡ್ ಸೇರಿದಾಗ ಬೇಸ್ ಹಿಡಿದ, ಆದರೆ ನುಡಿಸಿದ್ದು ಗಿಟಾರಿನ ಹಾಗೇ. ಹಲವು ತಂತಿಗಳನ್ನು ಒಟ್ಟಿಗೆ ಮೀಟಿ ಕಾರ್ಡ್ ಬಾರಿಸೋದು, ದನಿ ಒಡೆದು ಗರಗರ ಅನ್ನೋ ಡಿಸ್ಟಾರ್ಷನ್. ನನಗೆ ಬೇಕಿದ್ದೂ ಅದೇ. ಹೆಸರಿಗೆ ಬೇಸ್, ಕೈ ಮಾತ್ರ ಗಿಟಾರಿಂದು.

ಎಡವಿದ್ದು ಅಲ್ಲೇ. ಲೆಮ್ಮಿ ಮಾರ್ಷಲ್ ಕಂಪನಿಯ ಆಂಪ್ (ಸದ್ದು ಹಿಗ್ಗಿಸುವ ಪೆಟ್ಟಿಗೆ) ಬಳಸುತ್ತಾನೆ ಅಂತ ಓದಿದ್ದೆ. ಅದು ಮಾರ್ಷಲ್ ಸೂಪರ್ ಬೇಸ್, ಬೇಸ್‌ಗಂತಲೇ ಮಾಡಿದ್ದು ಅನ್ನೋದನ್ನು ಓದಿರಲಿಲ್ಲ. ಗಣೇಶ ಹಬ್ಬದ ಕಾರ್ಯಕ್ರಮಕ್ಕೆ ಬಾಡಿಗೆಗೆ ತಂದಿದ್ದ ಗಿಟಾರ್ ಆಂಪ್‌ಗೆ ಬೇಸ್ ಚುಚ್ಚಿ ವಾಲ್ಯೂಮ್ ಪೂರ್ತಿ ತಿರುಗಿಸಿದೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ನೀವೂ ಮಾಡೇ ಮಾಡುತ್ತೀರಿ. ಗಿಟಾರಿನ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ಅದುರುತ್ತದೆ. ಬೇಸಿನದು 41. ಒಂದು ಸಪ್ತಕ ಕೆಳಗೆ. ಅಷ್ಟೇ ಜೋರಾಗಿ ಸದ್ದು ಬರಬೇಕಾದರೆ ಸ್ಪೀಕರಿನ ಕೋನ್ (ಒಳಗೆ ಅದುರುವ ಬಟ್ಟಲಿನಂಥ ಭಾಗ) ಎರಡು ಪಟ್ಟಲ್ಲ, ನಾಲ್ಕು ಪಟ್ಟು ಹಿಂದೆ ಮುಂದೆ ಓಡಬೇಕು. ಗಿಟಾರ್ ಸ್ಪೀಕರಿಗೆ ಅಷ್ಟು ಓಡುವ ತಾಕತ್ತಿಲ್ಲ. ಅದೂ ಅಲ್ಲದೆ ಆ ಆಂಪಿನ ಹಿಂಭಾಗ ತೆರೆದೇ ಇತ್ತು, ಕೋನನ್ನು ತಡೆಯೋಕೆ ಒಳಗೆ ಗಾಳಿಯ ಒತ್ತಡವೂ ಇಲ್ಲ. ಎರಡನೇ ಹಾಡಿಗೇ ದನಿ ಒಡೆಯಿತು. ನಾನು ಡಿಸ್ಟಾರ್ಷನ್ ಬಂತು ಅಂತ ಖುಷಿಪಟ್ಟು ಇನ್ನೂ ಬಿರುಸಾಗಿ ಬಾರಿಸಿದೆ! ಆಮೇಲೆ ಫಟ್ ಅಂದಿದ್ದೇ ಸದ್ದು ನಿಂತಿತು. ಟಾರ್ಚ್ ಬಿಟ್ಟು ನೋಡಿದರೆ ಕೋನ್ ಅಂಚಿನಗುಂಟ ಹರಿದು ಜೋತಾಡುತ್ತಿತ್ತು.

ಸ್ಪೀಕರಿನ ದುಡ್ಡು ಕಟ್ಟೋಕೆ ಗಿಟಾರ್ ಮಾರಿದೆ. ಹಾಗಾಗಿ ಗಿಟಾರಿಗೆ ವಾಪಸ್ ಹೋಗೋ ಮಾತೇ ಉಳಿಯಲಿಲ್ಲ.

ಹಿಂಬಡ್ತಿ ಅನ್ನೋದನ್ನು ತಲೆಯಿಂದ ತೆಗೀರಿ. ಪಾಲ್ ಮೆಕಾರ್ಟ್ನಿ ಗಿಟಾರಿನವನೇ. 1961ರಲ್ಲಿ ಬೀಟಲ್ಸ್‌ನ ಬೇಸಿಸ್ಟ್ ಬಿಟ್ಟುಹೋದಾಗ ಬೇಸ್ ಅವನ ಕೊರಳಿಗೆ ಬಿತ್ತು. ಬ್ಲ್ಯಾಕ್ ಸಬ್ಬತ್ ಬ್ಯಾಂಡಿನ ಬೇಸಿಸ್ಟ್ ಗೀಜರ್ ಬಟ್ಲರ್ ಕೂಡ ಗಿಟಾರಿನಿಂದಲೇ ಬಂದವನು. ಇನ್ನು ಯಾರನ್ನು ಕೇಳಲಿ ಅಂದರೆ, ರಾಕ್ ಬೇಸಿಸ್ಟ್‌ಗಳ ಪಟ್ಟಿ ನಾನು ಕೊಡಲ್ಲ. ಅಮೆರಿಕದ ಡೆಟ್ರಾಯ್ಟ್‌ನ ಮೋಟೌನ್ ಅನ್ನೋ ರೆಕಾರ್ಡ್ ಕಂಪನಿಯ ಹಾಡುಗಳಲ್ಲಿ ಜೇಮ್ಸ್ ಜೇಮರ್ಸನ್ ನುಡಿಸಿದ್ದನ್ನು ಕೇಳಿ. ಬಲಗೈಯ ತೋರುಬೆರಳೊಂದರಲ್ಲೇ ಮೀಟುತ್ತಿದ್ದ ಮನುಷ್ಯ. ಮೆಕಾರ್ಟ್ನಿಯೇ ಅವನ ಅಭಿಮಾನಿ.

ಅದಕ್ಕೂ ಮೊದಲು ನಿಮ್ಮ ಓಣಿಯ ಭಜನೆಯಲ್ಲಿ ಡಗ್ಗಾದ (ತಬಲಾ ಜೋಡಿಯಲ್ಲಿ ಎಡಗೈಗೆ ಸಿಗುವ, ತಗ್ಗು ದನಿಯದು) ಪಕ್ಕ ಹೋಗಿ ಕೂತ್ಕೊಳ್ಳಿ. ನಮ್ಮ ಸೋದರಮಾವ ಶನಿವಾರ ಹಣಮಪ್ಪನ ಗುಡಿಯಲ್ಲಿ ತಬಲಾ ಬಾರಿಸುತ್ತಿದ್ದರು. ಅಂಗೈ ಬುಡವನ್ನು ಚರ್ಮಕ್ಕೆ ಒತ್ತಿ ಸರಿಸಿದರೆ ಗುಂ ಅನ್ನೋ ನಾದ ಹಾಗೇ ಮೇಲಕ್ಕೆ ಏರುತ್ತಿತ್ತು. ಹಾಡುವವರು ಉಸಿರು ತಗೊಳ್ಳುವ ಕಡೆ ಎಡಗೈ ಸುಮ್ನೆ ಎತ್ತಿಬಿಡುತ್ತಿದ್ದರು. ಎಲ್ಲಿ ಬಾರಿಸಬಾರದು ಅಂತ ನಾನು ಕಲಿತದ್ದು ಅವರನ್ನು ನೋಡಿ. ಲೆಮ್ಮಿಯ ಹಿಂದೆ ಬಿದ್ದು ಕಳೆದ ಹೊತ್ತನ್ನು ಅಲ್ಲಿ ಕಳೆದಿದ್ದರೆ ನಮ್ಮ ಡ್ರಮ್ಮರ್ ನನ್ನ ಮೇಲೆ ಅಷ್ಟು ಉರಿದು ಬೀಳುತ್ತಿರಲಿಲ್ಲ.

ಬೇಸ್ ಆಂಪ್ ತಗೊಳ್ಳೋವರೆಗೆ ಮನೆಯಲ್ಲಿ ಹೆಡ್‌ಫೋನ್ ಚುಚ್ಚುವ ಪುಟ್ಟ ಆಂಪ್ ಸಾಕು. ಸ್ಟೇಜಿನಲ್ಲಿ ಡಿಐ ಬಾಕ್ಸ್ (ಆಂಪ್ ಇಲ್ಲದೆ ಬೇಸನ್ನು ಮಿಕ್ಸರಿಗೆ ಜೋಡಿಸುವ ಪುಟ್ಟ ಡಬ್ಬಿ) ಹಾಕಿ ನೇರ ಸೌಂಡಿನವರ ಮಿಕ್ಸರಿಗೆ ಕೊಡಿ. ನಮ್ಮ ಕಡೆ ಸೌಂಡಿನವರೆಲ್ಲರ ಹತ್ತಿರ ಅದು ಇರುತ್ತೆ ಅಂತೇನಿಲ್ಲ, ಮುಂಚೆಯೇ ಫೋನ್ ಮಾಡಿ ಕೇಳಿಕೊಳ್ಳಿ.