7 ಎಂಎಂ ಮ್ಯಾಗ್ನಮ್‌ಗೆ ಯಾವ ಗುಂಡು? ದೂರದ ಈಡಿಗಿಂತ ಹತ್ತಿರದ ಈಡನ್ನು ನೋಡಿ ಆರಿಸಿ

ನೀವು ನಮ್ಮ ಕಾಸರಗೋಡಿನ ಮುಳ್ಳೇರಿಯಾ ಕಡೆಯವರು, ಈಗ ನ್ಯೂಜಿಲೆಂಡಿನ ಸೌತ್ ಐಲ್ಯಾಂಡ್‌ನಲ್ಲಿ ಡೈರಿ ಫಾರ್ಮ್ ಕೆಲಸ, ಕೋವಿಯ ಲೈಸೆನ್ಸ್ ಬಂದಿದೆ, ಸೆಕೆಂಡ್ ಹ್ಯಾಂಡ್ 7 ಎಂಎಂ ರೆಮಿಂಗ್ಟನ್ ಮ್ಯಾಗ್ನಮ್ ರೈಫಲ್ (ಮಾಮೂಲಿಗಿಂತ ಹೆಚ್ಚು ಮದ್ದು ಹಿಡಿಯುವ ತೋಟೆಯದು) ತಗೊಂಡಿದ್ದೀರಿ. ಕೆಂಪು ಜಿಂಕೆಗೆ ಯಾವ ಗುಂಡು ಒಳ್ಳೆಯದು, ಈಡಾದ ಖಾಲಿ ತೋಟೆಗೆ ಹೊಸ ಸಿಡಿಮದ್ದು, ಗುಂಡು ಹಾಕಿ ನಾವೇ ತುಂಬಿಸಿಕೊಳ್ಳಬಹುದಾ ಅಂತ ಕೇಳಿದ್ದೀರಿ. ನಾನೂ ಅದೇ ದ್ವೀಪದಲ್ಲಿ ಕೆಲವು ವರ್ಷ ಹಸು ಕರೆದವನು. ಈಗ ಬದಿಯಡ್ಕದ ಹತ್ತಿರ ಅಡಿಕೆ ತೋಟ ನೋಡಿಕೊಂಡಿದ್ದೇನೆ.

ಮೊದಲು ನೇರ ಉತ್ತರ. 160 ಗ್ರೇನ್ (ಸುಮಾರು 10 ಗ್ರಾಂ) ಆಸುಪಾಸಿನ, ಗಟ್ಟಿ ಕಟ್ಟಿನ ಗುಂಡು ತಗೊಳ್ಳಿ. ಶುರುವಿಗೆ ಫ್ಯಾಕ್ಟರಿ ತೋಟೆಯೇ ಸಾಕು. ತುಂಬಿಸುವ ಕೆಲಸ ಆಮೇಲೆ.

ನಮ್ಮ ಊರಲ್ಲಿ ಕೋವಿ ಅಂದರೆ 12 ಬೋರ್. 2022ರಲ್ಲಿ ಕೇರಳ ಸರ್ಕಾರ ಬೆಳೆ ಹಾಳು ಮಾಡುವ ಕಾಡುಹಂದಿಗೆ ಗುಂಡು ಹಾರಿಸಲು ಆದೇಶ ಕೊಡುವ ಅಧಿಕಾರವನ್ನು ಪಂಚಾಯತ್ ಅಧ್ಯಕ್ಷರಿಗೆ ಕೊಟ್ಟಿತಲ್ವಾ, ಆ ಕೆಲಸಕ್ಕೂ ಬರುವುದು ಅದೇ ಕೋವಿ. ಎಲ್‌ಜಿ ತೋಟೆಯೊಳಗಿನ ದಪ್ಪ ಉಂಡೆಗಳು ಅರಳಬೇಕಾಗಿಲ್ಲ, ಒಳಗೆ ಹೊಕ್ಕರೆ ಸಾಕು. ಹಾಗಾಗಿ ಊರಿನವರು ರೈಫಲ್ ನೋಡಿದಾಗಲೂ ಕೋವಿ ಎಷ್ಟು ಜೋರು ಅಂತಲೇ ಕೇಳುತ್ತಾರೆ. ರೈಫಲ್‌ನ ಲೆಕ್ಕ ಬೇರೆ. ಒಂದೇ ಗುಂಡು, ಅದೂ ಪೆನ್ಸಿಲಿಗಿಂತ ದಪ್ಪವಿಲ್ಲ. ಅದು ಮೈಯೊಳಗೆ ಅರಳಬೇಕು, ಅರಳಿದ ಮೇಲೂ ಚೂರಾಗದೆ ಮುಂದಕ್ಕೆ ಹೋಗಬೇಕು. ಈ ಎರಡೂ ಆಗುವುದು ಗುಂಡಿನ ಕಟ್ಟಿನಿಂದ, ಕೋವಿಯ ಜೋರಿನಿಂದ ಅಲ್ಲ.

ಮ್ಯಾಗ್ನಮ್ ತಗೊಂಡವರೆಲ್ಲ 300 ಮೀಟರ್ ಆಚೆಯ ಈಡಿನ ಬಗ್ಗೆಯೇ ಯೋಚಿಸುತ್ತಾರೆ. ಕ್ಯಾಂಟರ್ಬರಿಯ ಬಯಲು ಗುಡ್ಡಗಳಲ್ಲಿ ಅಷ್ಟು ದೂರ ಸಿಗುವುದೂ ಹೌದು. ಆದರೆ ವೆಸ್ಟ್ ಕೋಸ್ಟ್ ಕಡೆಯ ದಟ್ಟ ಕಾಡಿನಲ್ಲಿ ಜಿಂಕೆ ಎದ್ದು ನಿಲ್ಲುವುದು 40-50 ಮೀಟರ್‌ನಲ್ಲಿ. ನಿಮ್ಮ ಕೋವಿಯಲ್ಲಿ 160 ಗ್ರೇನ್ ಗುಂಡು ನಳಿಗೆ ಬಿಡುವುದು ಸೆಕೆಂಡಿಗೆ ಸುಮಾರು 2,900 ಅಡಿ ವೇಗದಲ್ಲಿ. 50 ಮೀಟರ್‌ನಲ್ಲಿ ಆ ವೇಗ ಹೆಚ್ಚೇನೂ ಇಳಿದಿರುವುದಿಲ್ಲ. ತೆಳು ಕವಚ, ಮೆತ್ತನೆ ಸೀಸದ ಗುಂಡು ಅದೇ ವೇಗದಲ್ಲಿ ಭುಜದ ಮೂಳೆಗೆ ಬಡಿದರೆ ಒಣ ಮಣ್ಣಿನ ಹೆಂಟೆಯ ಹಾಗೆ ಪುಡಿಯಾಗುತ್ತದೆ.

ಅದರ ಫಲ ಚರ್ಮ ಬಿಡಿಸುವಾಗ ಗೊತ್ತಾಗುತ್ತದೆ. ಭುಜದ ಮಾಂಸದ ಪದರಗಳ ನಡುವೆ ಕಪ್ಪು ರಕ್ತ ಲೋಳೆಯಾಗಿ ಹೆಪ್ಪುಗಟ್ಟಿರುತ್ತದೆ. ತಾಮ್ರದ ಕವಚದ ಚೂರುಗಳು ಬೆರಳಿಗೆ ಚುಚ್ಚುತ್ತವೆ. ಅಷ್ಟೂ ಭಾಗ ಎಸೆಯಬೇಕು. ಅದಕ್ಕಿಂತ ಕೆಟ್ಟದ್ದು, ಗುಂಡು ಶ್ವಾಸಕೋಶ ಮುಟ್ಟದೆ ಮೇಲಿನ ಮಾಂಸದಲ್ಲೇ ಮುಗಿದುಹೋಗಿ ಪ್ರಾಣಿ ಗಾಯ ಹೊತ್ತು ಓಡುವುದು. ದೊಡ್ಡ ಕೋವಿ ಹಿಡಿದವರು ಇದನ್ನು ಯಾವ ಕಾರಣಕ್ಕೂ ಆಗಲು ಬಿಡಬಾರದು ಅಂತ ನನ್ನ ಗಟ್ಟಿ ಅಭಿಪ್ರಾಯ.

ಈ ಸಮಸ್ಯೆ ಹಳೆಯದು. 1946ರಲ್ಲಿ ಜಾನ್ ನಾಸ್ಲರ್ ಎಂಬವರು ಕೆನಡಾದಲ್ಲಿ ಮೂಸ್ ಎಂಬ ದೈತ್ಯ ಜಿಂಕೆಯ ಬೇಟೆಗೆ ಹೋದಾಗ ಇದನ್ನೇ ಕಂಡರು. ಅವರದೂ ಮ್ಯಾಗ್ನಮ್ ರೈಫಲ್ಲೇ. ಆದರೂ ಗುಂಡು ಆಳಕ್ಕೆ ಇಳಿಯಲಿಲ್ಲ. ಆಮೇಲೆ ಅವರು ಗುಂಡಿನ ನಡುವೆ ಒಂದು ಅಡ್ಡಗೋಡೆ ಇಟ್ಟು ಮಾಡಿದ್ದೇ ಪಾರ್ಟಿಷನ್. ಮುಂದಿನ ಅರ್ಧ ಅರಳುತ್ತದೆ, ಹಿಂದಿನ ಅರ್ಧ ಹಾಗೇ ಉಳಿದು ಮುಂದಕ್ಕೆ ನುಗ್ಗುತ್ತದೆ. ಈಗಲೂ 160 ಗ್ರೇನ್ ಪಾರ್ಟಿಷನ್ ನಿಮ್ಮ ಕೋವಿಗೆ ಕಣ್ಣುಮುಚ್ಚಿ ಹಾಕಬಹುದಾದ ಗುಂಡು. ಸೀಸ ಮತ್ತು ಕವಚವನ್ನು ಬೆಸೆದು ಮಾಡಿದ ಆಕ್ಯೂಬಾಂಡ್ ಜಾತಿಯವೂ ಒಳ್ಳೆಯವೇ, ದೂರಕ್ಕೆ ವೇಗ ಸ್ವಲ್ಪ ಜಾಸ್ತಿ ಉಳಿಸಿಕೊಳ್ಳುತ್ತವೆ.

ಪೂರ್ತಿ ತಾಮ್ರದ ಬಾರ್ನ್ಸ್ ಟಿಟಿಎಸ್‌ಎಕ್ಸ್ ತರಹದ್ದು ಬೇಕಾದರೆ 140-150 ಗ್ರೇನ್‌ಗೆ ಇಳಿಯಿರಿ. ತಾಮ್ರ ಸೀಸಕ್ಕಿಂತ ಹಗುರ, ಅಷ್ಟೇ ತೂಕಕ್ಕೆ ಗುಂಡು ಉದ್ದವಾಗುತ್ತದೆ. ಅದು ಒಡೆಯುವುದಿಲ್ಲ, ಮಾಂಸದಲ್ಲಿ ಸೀಸದ ಪುಡಿಯೂ ಇರುವುದಿಲ್ಲ. ಮನೆಯಲ್ಲಿ ಮಕ್ಕಳು ತಿನ್ನುವ ಮಾಂಸ ಅಂತಾದರೆ ನಾನು ಇದನ್ನೇ ಹೇಳುತ್ತೇನೆ. ಒಂದೇ ತೊಂದರೆ, ತೀರಾ ದೂರದಲ್ಲಿ ವೇಗ ಸೆಕೆಂಡಿಗೆ 2,000 ಅಡಿಗಿಂತ ಕೆಳಗೆ ಇಳಿದರೆ ಸರಿಯಾಗಿ ಅರಳದೇ ಹೋಗಬಹುದು. ಟಾರ್ಗೆಟ್‌ಗೆ ಅಂತ ಮಾಡಿದ ಮ್ಯಾಚ್ ಗುಂಡುಗಳು ಬೇಡವೇ ಬೇಡ. ಅವು ಕಾಗದಕ್ಕೆ ಮಾಡಿದವು.

ಈಗ ತೋಟೆ ತುಂಬಿಸುವ ಮಾತು. ಅಲ್ಲಿ ಲೈಸೆನ್ಸ್ ಇದ್ದವರು ತಮ್ಮ ಬಳಕೆಗೆ ತುಂಬಿಸಿಕೊಳ್ಳುತ್ತಾರೆ, ಅದು ಮಾಮೂಲು. ಆದರೆ ಎಷ್ಟು ಗ್ರೇನ್ ಮದ್ದು ಅಂತ ನನ್ನನ್ನಾಗಲಿ, ಇಲ್ಲಿ ಯಾರನ್ನಾಗಲಿ ಕೇಳಬೇಡಿ. ಮದ್ದಿನ ಕಂಪನಿಯ ಕೈಪಿಡಿಯಲ್ಲಿ ನಿಮ್ಮದೇ ಗುಂಡಿನ ತೂಕಕ್ಕೆ ಕೊಟ್ಟ ಅಂಕಿ ನೋಡಿ, ಅದರಲ್ಲೂ ಶುರುವಿನ ಅಂಕಿಯಿಂದ ಹೊರಡಿ. ಈ ತೋಟೆಗೆ ಅಮೆರಿಕದ ಮಾನದಂಡದಲ್ಲಿ ಇಟ್ಟಿರುವ ಒತ್ತಡದ ಮಿತಿಯೇ ಚದರ ಇಂಚಿಗೆ 61,000 ಪೌಂಡ್, ಅಂದರೆ 61,000 ಪಿಎಸ್‌ಐ. ಅದು ನಿಮ್ಮ ಕೆನ್ನೆಯ ಪಕ್ಕದಲ್ಲೇ ಇರುತ್ತದೆ. ತೋಟೆಯ ಹಿಂದೆ ಮುಚ್ಚುವ ಬೋಲ್ಟ್ ಎತ್ತಲು ಬಿಗಿಯಾದರೆ, ತೋಟೆಯ ಬುಡದಲ್ಲಿ ಕಿಡಿ ಕೊಡುವ ಕೇಪು ಚಪ್ಪಟೆಯಾಗಿ ಅಂಚು ಅಳಿಸಿಹೋದರೆ ಅಲ್ಲಿಗೇ ನಿಲ್ಲಿಸಿ.

ನಿಮ್ಮ ಕೋವಿಗೇ ಸೇರಿದ ಒಂದು ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. 7 ಎಂಎಂ ರೆಮಿಂಗ್ಟನ್ ಮ್ಯಾಗ್ನಮ್ ತೋಟೆಯ ಬುಡದಲ್ಲಿ ಒಂದು ಪಟ್ಟಿ ಇದೆ. ಅದು ಬಲಕ್ಕೆ ಇಟ್ಟದ್ದು ಅಂತ ಸುಮಾರು ಜನ ತಿಳಿದಿದ್ದಾರೆ. ಹಾಗಲ್ಲ. 1912ರ 375 ಹಾಲೆಂಡ್ ಆಂಡ್ ಹಾಲೆಂಡ್ ತೋಟೆಯ ಭುಜ, ಅಂದರೆ ಬಾಯಿಯ ಕಡೆಗೆ ಕಿರಿದಾಗುವ ಜಾಗ, ತುಂಬಾ ಇಳಿಜಾರು. ನಳಿಗೆಯ ಹಿಂಬದಿಯ ಕೋಣೆಯಲ್ಲಿ (ಚೇಂಬರ್) ಆ ತೋಟೆ ಎಲ್ಲಿ ನಿಲ್ಲಬೇಕು ಅಂತ ಹಿಡಿಯಲು ಪಟ್ಟಿ ಬೇಕಿತ್ತು. 1962ರಲ್ಲಿ ಬಂದ ನಿಮ್ಮ ತೋಟೆಗೆ ಒಳ್ಳೆ ಭುಜ ಇದೆ, ಪಟ್ಟಿ ಮಾತ್ರ ಹಾಗೇ ಉಳಿದುಕೊಂಡಿತು. ಪಟ್ಟಿ ಹಿಡಿದುಕೊಳ್ಳುತ್ತದೆ ಅಂತ ಎಷ್ಟೋ ಕೋವಿಗಳಲ್ಲಿ ಭುಜದ ಕಡೆ ಕೋಣೆ ಸಡಿಲವಾಗಿಯೇ ಇರುತ್ತದೆ. ಮೊದಲ ಈಡಿಗೇ ತೋಟೆಯ ಹಿತ್ತಾಳೆ ಕೇಸು ಮುಂದಕ್ಕೆ ಹಿಗ್ಗುತ್ತದೆ. ಮನೆಗೆ ತಂದು, ಕೇಸನ್ನು ಮೊದಲಿನ ಅಳತೆಗೆ ತರುವ ಅಚ್ಚಿಗೆ (ಡೈ) ಪೂರ್ತಿ ಒತ್ತಿ ಭುಜವನ್ನು ಹಿಂದಕ್ಕೆ ತಳ್ಳಿದರೆ, ಮುಂದಿನ ಈಡಿಗೆ ಮತ್ತೆ ಹಿಗ್ಗುತ್ತದೆ. ಹೀಗೇ ಆಗುತ್ತಾ ಪಟ್ಟಿಯ ಸ್ವಲ್ಪ ಮುಂದೆ ಗೋಡೆ ತೆಳುವಾಗಿ, ಒಂದು ದಿನ ಕೋಣೆಯೊಳಗೇ ಎರಡು ತುಂಡಾಗುತ್ತದೆ.

ಇದನ್ನು ಮೊದಲೇ ಹಿಡಿಯಬಹುದು. ಖಾಲಿ ಕೇಸನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿ. ಪಟ್ಟಿಯ ಮುಂದೆ ಸುತ್ತಲೂ ಹೊಳೆಯುವ ಒಂದು ಗೆರೆ ಕಂಡರೆ ಅನುಮಾನ ಪಡಿ. ಆಮೇಲೆ ಪೇಪರ್ ಕ್ಲಿಪ್ ಬಿಡಿಸಿ ತುದಿಯನ್ನು ಚಿಕ್ಕದಾಗಿ ಕೊಕ್ಕೆ ಮಾಡಿ, ಕೇಸಿನ ಬಾಯಿಂದ ಬುಡದವರೆಗೆ ಇಳಿಸಿ, ಒಳಗೋಡೆಗೆ ತಾಗಿಸಿ ಮೇಲಕ್ಕೆ ಎಳೆಯಿರಿ. ನುಣ್ಣಗೆ ಬಂದರೆ ಸರಿ. ಅದೇ ಜಾಗದಲ್ಲಿ ತುದಿ ಹಳ್ಳಕ್ಕೆ ಸಿಕ್ಕಿದ ಹಾಗೆ ತಡೆದರೆ ಆ ಕೇಸನ್ನು ಜಜ್ಜಿ ಎಸೆಯಿರಿ. ಈಡಾದ ಕೇಸಿನ ಭುಜವನ್ನು ಗೇಜ್ ಇಟ್ಟು ಅಳೆದು, ಇಂಚಿನ ಸಾವಿರದಲ್ಲಿ ಎರಡು ಭಾಗದಷ್ಟು ಮಾತ್ರ ಹಿಂದಕ್ಕೆ ಹೋಗುವ ಹಾಗೆ ಡೈ ಕೂರಿಸಿಕೊಂಡರೆ ಹಿತ್ತಾಳೆ ಬೇಗ ಹಾಳಾಗುವುದಿಲ್ಲ. ಪಕ್ಕದ ಫಾರ್ಮ್‌ನಲ್ಲಿ ತುಂಬಿಸುವ ಹಿರಿಯರು ಯಾರಾದರೂ ಇದ್ದರೆ, ಮೊದಲ ಸಲ ಅವರ ಎದುರಿಗೇ ಮಾಡಿ.

ತುಂಬಿಸಿದರೂ ಸುಮ್ನೆ ವೇಗದ ಹಿಂದೆ ಹೋಗಬೇಡಿ. ಇನ್ನೊಂದು 100 ಅಡಿ ವೇಗಕ್ಕೆ ಅಂತ ಮದ್ದು ಏರಿಸಿದರೆ ಜಿಂಕೆಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ನಿಮ್ಮ ಭುಜಕ್ಕೆ ಗೊತ್ತಾಗುತ್ತದೆ. ಕೋವಿ ಹಿಂದಕ್ಕೆ ಒದೆಯುವ ಪೆಟ್ಟಿಗೆ ಹೆದರಿ ಕಣ್ಣು ಮುಚ್ಚಿ ಕುದುರೆ (ಟ್ರಿಗರ್) ಎಳೆಯುವ ಅಭ್ಯಾಸ ಒಮ್ಮೆ ಹಿಡಿದರೆ ಯಾವ ಗುಂಡೂ ಕಾಪಾಡುವುದಿಲ್ಲ. 200 ಗಜಕ್ಕೆ ಗುರಿ ಕೂರಿಸಿ. 300 ಗಜದಲ್ಲಿ ಗುಂಡು ಸುಮಾರು 6-7 ಇಂಚು ಕೆಳಗೆ ಬೀಳುತ್ತದೆ. ಅದಕ್ಕಿಂತ ಆಚೆ ಮೊದಲ ವರ್ಷ ನೋಡಲೇಬೇಡಿ. ಪ್ರಾಣಿ ಯಾವುದು, ಅದರ ಹಿಂದೆ ಏನಿದೆ ಅಂತ ಪೂರ್ತಿ ಖಾತ್ರಿಯಾಗದೆ ಬೆರಳು ಕುದುರೆಗೆ ಹೋಗಬಾರದು. ಅಲ್ಲಿನ ಕಾಡಿನಲ್ಲಿ ಜೊತೆಗಾರನನ್ನೇ ಜಿಂಕೆ ಅಂತ ತಿಳಿದು ಹೊಡೆದ ಘಟನೆಗಳು ಆಗಿವೆ.

ಕೊನೆಗೆ ಊರಿನ ವಿಷಯ. ಆ ದ್ವೀಪಕ್ಕೆ ಜಿಂಕೆಗಳು ಹೊರಗಿನಿಂದ ಬಂದವು, ಅಲ್ಲಿನ ಕಾಡನ್ನು ತಿಂದು ಮುಗಿಸುತ್ತವೆ, ಅದಕ್ಕೇ ಬೇಟೆಗೆ ಪರ್ಮಿಟ್ ಕೊಡುತ್ತಾರೆ. ಇಲ್ಲಿ ಕಡವೆಯಾಗಲಿ ಕಾಡುಕುರಿಯಾಗಲಿ ಈ ಕಾಡಿನದ್ದೇ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಮುಟ್ಟುವ ಹಾಗಿಲ್ಲ. ಲೈಸೆನ್ಸ್ ಇಲ್ಲದೆ ತೋಟೆ ತಯಾರಿಸುವುದೂ ಅಪರಾಧ. ರಜೆಗೆ ಬರುವಾಗ ಬ್ಯಾಗಿನ ಪ್ರತಿ ಜೇಬನ್ನೂ ಮಗುಚಿ ನೋಡಿ. ಕಾಡಿಗೆ ಒಯ್ದ ಬ್ಯಾಗನ್ನೇ ವಿಮಾನಕ್ಕೆ ತರಬೇಡಿ. ಮರೆತು ಉಳಿದ ಒಂದೇ ತೋಟೆಗೆ ಏರ್‌ಪೋರ್ಟ್‌ನಲ್ಲಿ ಕೇಸ್ ಬೀಳುತ್ತದೆ. ಸ್ನೇಹಿತರಿಗೆ ತೋರಿಸಲು ಅಂತ ಖಾಲಿ ಕೇಸನ್ನೂ ತರಬೇಡಿ, ಫೋಟೋ ಸಾಕು.